ಕುಣಿಮಗ್ಗದ ಬನಪ್ಪ ಕಾಲು ಉದ್ದ ಮಾಡಿಸಲು ಹೊರಟದ್ದು

ನಾನು ನಿಂತು ಹೇಳಿದರೂ ಕೂತು ಹೇಳಿದರೂ ನಿಮಗೆ ಕಾಣೋದು ಅಷ್ಟೇ, ಅದಕ್ಕೆ ಕೂತೇ ಹೇಳ್ತೀನಿ. ಹಿಂದಿನವರು ಕತ್ತು ಚಾಚಿ ಹುಡುಕಬೇಡಿ, ದನಿ ಕೇಳ್ತದಲ್ಲ, ಸಾಕು. ನಡುನಡುವೆ ಹೂಂ ಅನ್ನಿ. ಹೂಂ ಅನ್ನದಿದ್ದರೆ ಕತೆ ಅಲ್ಲೇ ಕೂತುಬಿಡ್ತದೆ.

ಒಂದು ಕಾಲದಲ್ಲಿ, ಹೊಳೆಯ ದಂಡೆ ಮೇಲೆ ಒಂದು ಊರಿತ್ತಂತೆ. ಆ ಊರಿಗೆ ಏಳು ಓಣಿ, ಏಳು ಓಣಿಗೆ ಎಪ್ಪತ್ತು ಮಗ್ಗ. ಎಪ್ಪತ್ತೂ ಕುಣಿಮಗ್ಗ. ಅಂದರೆ ನೆಲದಲ್ಲಿ ಒಂದು ಕುಣಿ ತೋಡಿರ್ತಾರೆ. ನೇಕಾರ ಅದರ ಅಂಚಿಗೆ ಕೂತು, ಕಾಲು ಒಳಗೆ ಇಳಿಬಿಟ್ಟು, ಕೆಳಗಿನ ಹಲಗೆ ತುಳೀತಾ ನೇಯ್ತಾನೆ. ಯಾರ ಕಾಲು ಎಷ್ಟು ಉದ್ದವೋ ಅವರ ಕುಣಿ ಅಷ್ಟು ಆಳ.

ಎಪ್ಪತ್ತನೆಯ ಮಗ್ಗ ಬನಪ್ಪನದು. ಅಪ್ಪ ಅವ್ವ ತೀರಿಕೊಂಡಿದ್ದರು. ಮನೆಯಲ್ಲಿ ಅವನು, ಅವನ ಮುದುಕಿ ಸೋದರತ್ತೆ ತುಂಗವ್ವ, ಇಬ್ಬರೇ. ಬನಪ್ಪ ನೇಯ್ದ ಸೀರೆಯ ಅಂಚು ಹಗ್ಗ ಹಿಡಿದ ಹಾಗೆ ನೆಟ್ಟಗಿರ್ತಿತ್ತಂತೆ. ಸೊಂಟದಿಂದ ಮೇಲೆ ಅವನು ರಾಜನೇ: ಅಗಲ ಎದೆ, ಹುರಿ ಮೀಸೆ. ದೇವರು ಅಲ್ಲಿವರೆಗೆ ಮನಸ್ಸಿಟ್ಟು ಮಾಡಿದ. ಆಮೇಲೆ ಯಾರೋ ಕರೆದರು ಅಂತ ಕಾಣ್ತದೆ, ಕಾಲನ್ನ ಗಡಿಬಿಡಿಯಲ್ಲಿ ಮುಗಿಸಿ ಎದ್ದುಹೋದ. ಕೂತರೆ ಬನಪ್ಪ ಎಲ್ಲರ ಸಮ, ನಿಂತರೆ ಎಲ್ಲರ ಭುಜದ ಸಮ. ನಗ್ತೀರಾ? ನಗಿ. ಅದೇ ಕಾಲು ಏಳು ತಲೆಮಾರು ದಾಟಿ ನನ್ನ ಹತ್ತಿರ ಬಂದಿವೆ.

ಆ ನೇಕಾರರಲ್ಲಿ ಒಂದು ಪದ್ಧತಿ. ಹೆಣ್ಣು ನೋಡೋದಲ್ಲ, ಗಂಡು ನೋಡೋದು. ಹೆಣ್ಣಿನವರು ಗಂಡಿನ ಮನೆಗೆ ಬಂದಾಗ ಗಂಡು ಮಗ್ಗದಲ್ಲಿ ಕೂತು ನೇಯ್ತಿರಬೇಕು, ಅವರು ಹೊಸ್ತಿಲು ದಾಟಿ ಹೋಗೋವರೆಗೂ ಏಳಬಾರದು. ಎದ್ದರೆ ಅವನಿಗೆ ಕೆಲಸದ ಮೇಲೆ ಮನಸ್ಸಿಲ್ಲ ಅಂತ ಅರ್ಥ. ಈ ಪದ್ಧತಿ ಹಾಕಿಕೊಟ್ಟವನು ನಮ್ಮ ವಂಶದವನೇ ಇರಬೇಕು ಅಂತ ನನಗೆ ಅನುಮಾನ.

ಒಂದು ದಿನ ಹೊಳೆಯ ಆಚೆ ಊರಿನಿಂದ ಶಾಕವ್ವ ಅನ್ನೋ ಹುಡುಗಿ ತನ್ನ ಅಪ್ಪನ ಜೊತೆ ಗಂಡು ನೋಡೋಕೆ ಬಂದಳಂತೆ. ಅವರು ಒಳಗೆ ಬರುವಾಗ ಬನಪ್ಪನ ಕಣ್ಣು ನೂಲಿನ ಮೇಲೇ ಇತ್ತು. ಅಪ್ಪ ಬಟ್ಟೆ ಮುಟ್ಟಿ ನೋಡಿದ, ಅಂಚು ಎಳೆದು ನೋಡಿದ. ಶಾಕವ್ವ ಮಗ್ಗದ ಪಕ್ಕದಲ್ಲಿ ಕೂತವಳು ತಗ್ಗಿಸಿದ ತಲೆ ಎತ್ತಲಿಲ್ಲ. ನಾಚಿಕೆ ಅಂದುಕೊಂಡ ಬನಪ್ಪ. ಕೊನೆಗೆ ಅವಳು ಅಪ್ಪನ ಕಿವಿಯಲ್ಲಿ ಏನೋ ಅಂದಳು. ಅಪ್ಪ "ಹುಡುಗಿ ಒಪ್ಪ್ಯಾಳ" ಅಂದ. ಬನಶಂಕರಿ ಜಾತ್ರೆಯ ಬನದ ಹುಣ್ಣಿಮೆಗೆ ಮದುವೆ ಅಂತ ಮಾತಾಯಿತು. ಅದಕ್ಕೆ ಇನ್ನೂ ಒಂಬತ್ತು ತಿಂಗಳಿತ್ತು.

ಆಮೇಲೆ ಶಾಕವ್ವ ಎದ್ದು ನಿಂತಳು. ಎದ್ದಳು, ಎದ್ದಳು, ಇನ್ನೂ ಎದ್ದಳು. ಬಾಗಿಲು ದಾಟುವಾಗ ತಲೆ ಬಗ್ಗಿಸಿ ಹೋದಳು. ಬನಪ್ಪನ ಕೈಯಿಂದ ಲಾಳಿ ಬಿತ್ತು. ಆ ಬಾಗಿಲಿಗೆ ತಲೆ ಬಗ್ಗಿಸಿದವರನ್ನ ಅವನು ಹುಟ್ಟಿದ ಮೇಲೆ ನೋಡಿರಲಿಲ್ಲ. ಇವಳು ನನ್ನನ್ನ ಕೂತಲ್ಲೇ ನೋಡಿ ಒಪ್ಪಿದಳು, ಮದುವೆ ದಿನ ನಿಂತಾಗ ನೋಡಿದರೆ ತಿರುಗಿ ಹೋಗ್ತಾಳೆ ಅಂತ ಅವನ ಎದೆ ಒಡೆದುಹೋಯಿತು. ಯಾಕೆಂದರೆ ಅವಳು ಅವನಿಗೆ ಬಹಳ ಇಷ್ಟವಾಗಿದ್ದಳು.

ಎತ್ತರ ಆಗೋಕೆ ಹದಿನೈದು ದಿನ ಬೇವಿನ ಕೊಂಬೆಗೆ ಜೋತುಬಿದ್ದ. ಕೈ ಎರಡು ಉದ್ದವಾದ ಹಾಗೆ ಕಂಡವು, ಕಾಲು ಇದ್ದಲ್ಲೇ ಇದ್ದವು. ಬಡಗಿಯಿಂದ ಎತ್ತರದ ಮರದ ಹಾವುಗೆ ಮಾಡಿಸಿದ. ಮೆಟ್ಟಿಕೊಂಡು ಓಣಿಗೆ ಇಳಿದರೆ ನಾಯಿಗಳೂ ಗುರುತು ಹಿಡಿಯದೆ ಬೆನ್ನಟ್ಟಿದವಂತೆ. ಕೊನೆಗೆ ಎಲುಬು ಕೂಡಿಸೋ ಸತ್ಯವ್ವನ ಮನೆಗೆ ಹೋದ.

"ಯವ್ವಾ, ನನ್ನ ಕಾಲು ನಾಲ್ಕು ಬೆರಳು ಉದ್ದ ಮಾಡಿಕೊಡು" ಅಂದ.

"ಯಾಕ ತಮ್ಮಾ, ನಡೆಯಾಕ ಬರಂಗಿಲ್ಲೇನು?"

"ಬರ್ತದ."

"ಓಡಾಕ?"

"ಓಡ್ತೀನಿ."

"ಮಗ್ಗ ತುಳಿಯಾಕ?"

"ನನ್ನಂಗ ತುಳಿಯೋರು ಏಳೂ ಓಣ್ಯಾಗ ಇಲ್ಲ."

"ಮತ್ತ ಯಾಕ?"

ಬನಪ್ಪ ನೆಲ ನೋಡಿದ. ಅವನಿಗೆ ನೆಲ ಹತ್ತಿರವೇ ಇತ್ತು, ಪಾಪ. "ಹುಡುಗಿ ಎತ್ತರ ಅದಾಳ" ಅಂದ.

ಸತ್ಯವ್ವ ನಗಲಿಲ್ಲ. ಎದುರಿಗೆ ಕೂರಿಸಿಕೊಂಡು ಹೇಳಿದಳು: "ಮೊಣಕಾಲ ಕೆಳಗ ಎರಡೂ ಕಾಲು ಮುರೀತೀನಿ. ಬಿದಿರು ಕಟ್ಟಿ, ಮುರಿದದ್ದನ್ನ ದಿನಕ್ಕ ಒಂದು ಎಳ್ಳಿನಷ್ಟು ದೂರ ಸರಸ್ತೀನಿ. ಸಂದ್ಯಾಗ ಹೊಸ ಎಲುಬು ತುಂಬ್ಕೋತದ. ಅವಸರ ಮಾಡಿ ಎರಡು ಎಳ್ಳು ಎಳದ್ರ ತುಂಬಂಗಿಲ್ಲ. ಎಳಿಯೋದು ಮರತ್ರ ಇದ್ದಲ್ಲೇ ಕೂಡ್ಕೋತದ. ನಾಲ್ಕು ಬೆರಳಿಗೆ ನೂರು ಎಳ್ಳು, ನೂರು ದಿನ. ಆ ಹಸಿ ಎಲುಬು ಗಟ್ಟಿ ಆಗಾಕ ಮ್ಯಾಲ ಇನ್ನೂರು ದಿನ."

"ಮುನ್ನೂರು ದಿನಕ್ಕ ನಾ ಎತ್ತರ ಆಗ್ತೀನಿ?"

"ಎಲ್ಲಾ ಸರಿ ಹೋದ್ರ. ಗಾಯ ಕೀವಾಗಬಹುದು. ಒಂದು ಕಾಲು ಇನ್ನೊಂದಕ್ಕಿಂತ ಉದ್ದ ಆಗಬಹುದು. ಎಲುಬು ಬೆಳೀತದ, ಆದ್ರ ನರ ಹಿಗ್ಗಾಕ ಒಪ್ಪಂಗಿಲ್ಲ. ಪಾದ ಜೋತುಬಿದ್ದು ಹಿಮ್ಮಡ ನೆಲ ಮುಟ್ಟದಂಗ ಆಗಬಹುದು. ಈ ಕೈಲೆ ಏಳು ಮಂದಿಗೆ ಮಾಡೀನಿ. ನಾಲ್ಕು ಮಂದಿ ನಡೀತಾರ, ಇಬ್ಬರು ಕುಂಟತಾರ, ಒಬ್ಬ ನನ್ನ ಹೆಸರು ಕೇಳಿದ್ರ ಉಗುಳ್ತಾನ."

"ನೋವು?"

"ಮೊದಲನೇ ದಿನ ನಿಮ್ಮವ್ವನ್ನ ಕರೀತಿ. ಹತ್ತನೇ ದಿನ ನಮ್ಮವ್ವನ್ನ ಬೈತಿ."

ಇಷ್ಟೆಲ್ಲ ಕೇಳಿದರೂ ಬನಪ್ಪನ ಕಿವಿಗೆ ಬಿದ್ದದ್ದು 'ನಾಲ್ಕು ಮಂದಿ ನಡೀತಾರ' ಅನ್ನೋದೊಂದೇ. ಬೇಕಾದ್ದು ಮಾತ್ರ ಕೇಳಿಸೋ ಕಿವಿಯೂ ನಮ್ಮ ಮನೆತನದ್ದೇ, ಕಾಲಿನ ಜೊತೆಗೇ ಬಂದದ್ದು. "ಮುರಿ" ಅಂದುಬಿಟ್ಟ.

ಸತ್ಯವ್ವ ನೂರು ಎಳ್ಳು ಎಣಿಸಿ, ಬಟ್ಟೆಯ ಚೂರಿನಲ್ಲಿ ಗಂಟು ಕಟ್ಟಿ ಅವನ ಅಂಗೈಯಲ್ಲಿಟ್ಟಳು. "ನಿನಗ ಬೇಕಾದ ಎತ್ತರ ಇಷ್ಟೇ ನೋಡು. ಮುರಿಯೋಕಿಂತ ಮೊದಲ ನಂದೊಂದು ಕಟ್ಟಳೆ ಐತಿ. ಮುನ್ನೂರು ದಿನ ನಿನ್ನ ಎತ್ತಿ ಇಳಿಸೋರು ಒಬ್ಬರು ಬೇಕು. ಈಗ ಎಲುಬು ಮುರಿಯಂಗಿಲ್ಲ, ಸುಮ್ಮನ ಬಿದಿರು ಕಟ್ಟತೀನಿ. ಒಂದು ದಿನ ನೆಲಕ್ಕ ಕಾಲು ಊರಬ್ಯಾಡ. ಆ ಒಂದು ದಿನ ಸಂಭಾಳಿಸಿದೋರನ್ನ ಕರಕೊಂಡು ಬಾ, ಆಮ್ಯಾಲೆ ಮುರೀತೀನಿ."

ಮೊದಲನೆಯ ದಿನ ಸೋದರತ್ತೆ ತುಂಗವ್ವ ಒಪ್ಪಿಕೊಂಡಳಂತೆ. ಬನಪ್ಪ ಎರಡು ಕಾಲಿಗೂ ಬಿದಿರು ಕಟ್ಟಿಸಿಕೊಂಡು ಕಂಬಳಿ ಮೇಲೆ ಮಲಗಿದ. ನೀರು ಕೇಳಿದ, ಅತ್ತೆ ತಂದಳು. ರೊಟ್ಟಿ ಕೇಳಿದ, ತಂದಳು. ಕುಡಿದ ನೀರು ಸುಮ್ಮನೆ ಇರ್ತದಾ? "ಅತ್ತೀ, ಹಿತ್ತಲಿಗೆ ಹೋಗಬೇಕು" ಅಂದ. ತುಂಗವ್ವ ಅವನ ಕಂಕುಳಿಗೆ ಕೈ ಹಾಕಿ "ಬನಶಂಕರೀ" ಅಂತ ಎತ್ತಿದಳು. ಎತ್ತಿದವಳು ಅವನ ಮೇಲೇ ಕೂತಳು. ಮುದುಕಿ ಮೇಲೆ, ಬನಪ್ಪ ಕೆಳಗೆ. ಅವಳಿಗೆ ಏಳೋಕೆ ಬರಲ್ಲ, ಇವನು ಕಾಲು ಊರೋ ಹಾಗಿಲ್ಲ. ಪಕ್ಕದ ಮನೆಯವರು ಬಂದು ಇಬ್ಬರನ್ನೂ ಬಿಡಿಸಿದರು. "ಬನ್ಯಾ, ನನ್ನ ಎತ್ತಾಕ ನೀ ಬೇಕಪ್ಪಾ, ನಿನ್ನ ನಾ ಎಲ್ಲಿ ಎತ್ತಲಿ" ಅಂತ ತುಂಗವ್ವ ಸೊಂಟ ಹಿಡಿದುಕೊಂಡು ಅತ್ತಳು. ಒಂದು ದಿನ ಹೋಯಿತು.

ಎರಡನೆಯ ದಿನ ಗೆಳೆಯ ಕಾಡಪ್ಪ ಬಂದ. ಅವನೂ ನೇಕಾರನೇ, ಆಳು ಗಟ್ಟಿ. ಬನಪ್ಪನನ್ನ ಹಗುರಾಗಿ ಎತ್ತಿ ಅಂಗಳದ ಬಿಸಿಲಿಗೆ ಇಟ್ಟ. ಅಷ್ಟರಲ್ಲಿ ಓಣಿಯಲ್ಲಿ ಕಾಡಪ್ಪನ ನೂಲಿಗೆ ಗಂಜಿ ಹಾಕುವ ಹೊತ್ತಾಯಿತು. ಗಂಜಿ ಹಾಕಿದ ನೂಲು ಒಣಗೋದರೊಳಗೆ ತಿಕ್ಕದಿದ್ದರೆ ಕೆಡ್ತದೆ. ಯಾವ ಗೆಳೆತನಕ್ಕೂ ಅದು ಕಾಯೋದಿಲ್ಲ. "ಈಗ ಬಂದೆ" ಅಂತ ಹೋದವನು ಸಂಜೆವರೆಗೂ ಬರಲಿಲ್ಲ. ಬನಪ್ಪ ಬಿಸಿಲಲ್ಲಿ ಹಪ್ಪಳದ ಹಾಗೆ ಒಣಗಿದ. ಒಂದು ಕಾಗೆ ಬಂದು ಅವನ ಕಾಲಿನ ಬಿದಿರ ಮೇಲೆ ಕೂತಿತಂತೆ. ಆಗಿನ ಕಾಲದಲ್ಲಿ ಕಾಗೆಗಳು ಮಾತಾಡ್ತಿದ್ದವು, ಈಗ ನಮ್ಮನ್ನ ನೋಡಿ ನೋಡಿ ಮಾತು ಬಿಟ್ಟಿವೆ.

"ಬನಪ್ಪಾ, ಏನ್ ಮಾಡಾಕತ್ತಿ?"

"ಬೆಳ್ಯಾಕತ್ತೀನಿ."

"ಎಷ್ಟು ಬೆಳದಿ?"

"ಇನ್ನೂ ಮುರಿಸಿಲ್ಲ."

ಕಾಗೆ ಅವನನ್ನ ತಲೆಯಿಂದ ಕಾಲಿನವರೆಗೆ ನೋಡಿತು. ದೂರವೇನಿರಲಿಲ್ಲ, ಬೇಗ ಮುಗೀತು. ಹಾರಿಹೋಯಿತು. ಎರಡು ದಿನ ಹೋದವು.

ಸಂಜೆ ಬಿದಿರು ಬಿಚ್ಚುತ್ತಾ ಸತ್ಯವ್ವ ಕೇಳಿದಳು: "ಮತ್ತ ಯಾರದಾರ? ಇವತ್ತ ಮುರಿದ್ರೂ ಬನದ ಹುಣ್ಣಿಮಿಗೆ ನೀ ಇನ್ನೂ ಕೋಲು ಹಿಡ್ಕೊಂಡೇ ಇರ್ತಿ. ಆಗ ಎತ್ತಾಕಿ ಯಾರು? ಕಟ್ಕೊಳ್ಳಾಕಿ. ಆಕೀನ್ನ ಕೇಳು."

ಯಾರಿಗೆ ಗೊತ್ತಾಗಬಾರದು ಅಂತ ಕಾಲು ಮುರಿಸಿಕೊಳ್ಳೋಕೆ ಹೊರಟನೋ, ಅವಳನ್ನೇ ಹೋಗಿ ಕೇಳಬೇಕು! ಆದರೂ ಮೂರನೆಯ ದಿನ ಎತ್ತರದ ಹಾವುಗೆ ಮೆಟ್ಟಿಕೊಂಡು, ಎಳ್ಳಿನ ಗಂಟು ಸೊಂಟಕ್ಕೆ ಸಿಕ್ಕಿಸಿಕೊಂಡು, ಹೊಳೆ ದಾಟಿ ಶಾಕವ್ವನ ಮನೆಗೆ ಹೋದ. ಹೊಸ್ತಿಲ ಹತ್ತಿರ ಬಂದಾಗ ನೆನಪಾಯಿತು. ಹಾವುಗೆ ಮೆಟ್ಟಿಕೊಂಡು ಯಾರ ಮನೆಯೊಳಗೆ ಹೋಗೋಕಾಗ್ತದೆ? ಹೊರಗೆ ಬಿಟ್ಟ. ಇದ್ದಷ್ಟೇ ಆಗಿ ಒಳಗೆ ಹೋಗಿ ನಿಂತ.

ಶಾಕವ್ವ ನಡುಮನೆಯಲ್ಲಿದ್ದಳು. ಅವಳ ಮುಖ ನೋಡೋಕೆ ಬನಪ್ಪ ಕತ್ತು ಎತ್ತಬೇಕಾಯಿತು. "ನೋಡು ಶಾಕವ್ವ, ನಾ ಇಷ್ಟೇ ಅದೀನಿ. ಕುಂತಾಗ ನಿನಗ ಗೊತ್ತಾಗಿಲ್ಲ. ಕಾಲು ಮುರಿಸಿ ಉದ್ದ ಮಾಡಿಸ್ಕೋತೀನಿ. ಮುನ್ನೂರು ದಿನ ಎತ್ತಿ ಇಳಿಸ್ತಿ ಏನು?" ಅಂದ. ಎಲ್ಲ ಒಂದೇ ಉಸಿರಿಗೆ.

ಶಾಕವ್ವ ನಕ್ಕಳು. ನಕ್ಕು ನಕ್ಕು ಗೋಡೆ ಹಿಡಿದು ಕೂತಳು. ಆಮೇಲೆ ಕಣ್ಣು ಒರೆಸಿಕೊಂಡು ಅಂದಳು: "ಗೊತ್ತಾಗಿಲ್ಲ ಅಂತ ಯಾರು ಹೇಳಿದ್ರು? ನಿಮ್ಮ ಮನ್ಯಾಗ ನಾ ತಲಿ ತಗ್ಗಿಸಿ ಏನು ನೋಡಾಕತ್ತಿದ್ದೆ ಅಂತ ತಿಳಿದೀರಿ?"

"ನಾಚಿಕಿ..."

"ಯಾವ ನಾಚಿಕಿರೀ! ಕುಣಿ ನೋಡಾಕತ್ತಿದ್ದೆ. ಒಂದು ಮೊಳನೂ ಇಲ್ಲ. ಕಾಲು ಎಷ್ಟೋ ಕುಣಿ ಅಷ್ಟು. ನಾನೂ ನೇಕಾರ ಮನಿ ಹುಡುಗಿ, ಅಷ್ಟು ಗೊತ್ತಾಗಂಗಿಲ್ಲೇನು?"

ನೋಡಿ ಬನಪ್ಪನ ಜಾಣತನ. ಹುಟ್ಟಿದಾಗಿನಿಂದ ಕುಣಿಯಲ್ಲಿ ಕಾಲಿಟ್ಟವನು, ಕಾಲು ಅಡಗಿಸೋಕೆ ಕಾಲಿನ ಅಳತೆಯ ಕುಣಿಯಲ್ಲೇ ಕೂತಿದ್ದ!

ಶಾಕವ್ವ ಅವನನ್ನ ತನ್ನ ಅಪ್ಪನ ಮಗ್ಗದ ಹತ್ತಿರ ಕರೆದುಕೊಂಡು ಹೋದಳು. ಅಪ್ಪ ತಾಳೆಮರದಂಥ ಆಳು. ಅವನ ಕುಣಿ ಎರಡು ಮೊಳ ಆಳ, ಅದರಲ್ಲಿ ಅರ್ಧ ನೀರು. ಅದನ್ನ ತೋರಿಸಿ ಶಾಕವ್ವ ಅಂದಳು: "ನಿಮ್ದೂ ನಮ್ದೂ ಹೊಳಿ ದಂಡಿ. ಒಂದು ಮೊಳದ ಕೆಳಗ ಅಗದ್ರ ಜಿನುಗತದ. ಬುದ್ಧಿ ಬಂದಾಗಿಂದ ದಿನಾ ಮುಂಜಾನೆ ಬೋಗುಣಿ ಹಿಡ್ಕೊಂಡು ಈ ನೀರು ಎತ್ತಿ ಹೊರಗ ಚೆಲ್ಲೀನಿ. ಒಣ ಕುಣಿ ಇದ್ದ ಮನಿ ಸಿಕ್ರ ಮಾತ್ರ ಮದುವಿ ಆಗ್ತೀನಿ ಅಂತ ಆಣಿ ಮಾಡಿದ್ದೆ. ಏಳು ಮನಿ ನೋಡಿ ಬಿಟ್ಟೆ, ಎಂಟನೇದ್ದು ನಿಮ್ದು." ಆಮೇಲೆ, "ಅಂಚೂ ನೆಟ್ಟಗಿತ್ತು, ಮೀಸಿನೂ ಚಂದಿತ್ತು" ಅಂದಳು. ಆಗ ಮಾತ್ರ ನಿಜವಾಗಿಯೂ ನಾಚಿಕೊಂಡಳಂತೆ.

ಬನಪ್ಪನಿಗೆ ಅಳು ಬಂತು. ನಾಚಿಕೆಗೆ ಅರ್ಧ, ಸಂತೋಷಕ್ಕೆ ಅರ್ಧ.

"ಇಷ್ಟಾದ ಮ್ಯಾಲೂ ನಿಮಗ ಬೇಕನಿಸಿದ್ರ ಮುರಿಸ್ಕೋರಿ" ಅಂದಳು ಶಾಕವ್ವ. "ಕಾಲು ನಿಮ್ಮವು. ಮುನ್ನೂರು ದಿನ ನಾ ಎತ್ತತೀನಿ, ಮಾತು ಕೊಡ್ತೀನಿ. ಆದ್ರ ಕಾಲು ನಾಲ್ಕು ಬೆರಳು ಬೆಳದ್ರ ಕುಣಿನೂ ನಾಲ್ಕು ಬೆರಳು ಅಗೀಬೇಕು. ಅಗಿಯೋರು ನೀವು, ಆಮ್ಯಾಲೆ ಜೀವನಪೂರ್ತಿ ನೀರು ಎತ್ತಾಕಿ ನಾನು."

ಬನಪ್ಪ ಕುಣಿಯ ನೀರು ನೋಡಿದ, ಬೋಗುಣಿ ಹಿಡಿದು ಜಡ್ಡುಗಟ್ಟಿದ ಅವಳ ಅಂಗೈ ನೋಡಿದ. ಮೊದಲ ಸಲ ಸತ್ಯವ್ವ ಹೇಳಿದ್ದೆಲ್ಲ ಅವನ ಕಿವಿಗೆ ಬಿತ್ತು: ಕುಂಟೋ ಇಬ್ಬರು, ಉಗುಳೋ ಒಬ್ಬ, ನೆಲ ಮುಟ್ಟದ ಹಿಮ್ಮಡ. ಬೋಗುಣಿ ಎತ್ತಿಕೊಂಡು, ಅವತ್ತಿನ ನೀರನ್ನ ತಾನೇ ಚೆಲ್ಲಿ, ಮನೆಗೆ ಬಂದ. ಸತ್ಯವ್ವನಿಗೆ "ಬ್ಯಾಡ ಯವ್ವಾ" ಅಂತ ಹೇಳಿ ಕಳಿಸಿದ. ಮುರಿಯದೆ ಕೂಡಿಸಿದ್ದು ಇದೇ ಮೊದಲು ಅಂತ ಅವಳು ಅಂದಳಂತೆ.

ಬನದ ಹುಣ್ಣಿಮೆಗೆ ಮದುವೆಯಾಯಿತು. ಅಂತರಪಟ ಹಿಡಿದವರು ಬಹಳ ಒದ್ದಾಡಿದರಂತೆ: ಅವಳಿಗೆ ಮರೆ ಮಾಡಿದರೆ ಇವನು ಕೆಳಗಿನಿಂದ ಕಾಣ್ತಿದ್ದ, ಇವನಿಗೆ ಮರೆ ಮಾಡಿದರೆ ಅವಳು ಮೇಲಿನಿಂದ ನೋಡಿ ನಗ್ತಿದ್ದಳು. ಆ ನೂರು ಎಳ್ಳನ್ನ ಶಾಕವ್ವ ಒಂದು ಸಜ್ಜೆ ರೊಟ್ಟಿ ಮೇಲೆ ಉದುರಿಸಿ ತಟ್ಟಿದಳು. ಒಂದೇ ರೊಟ್ಟಿಗೆ ಮುಗಿದುಹೋದವು. ಇಬ್ಬರೂ ಮುರಿದುಕೊಂಡು ತಿಂದರು.

ಈಗ ಪಟ್ಟಣದ ದೊಡ್ಡ ಆಸ್ಪತ್ರೆಗಳಲ್ಲಿ ಈ ಕಾಲು ಉದ್ದ ಮಾಡೋದನ್ನೇ ಸರಳು ಹಾಕಿ ಮಾಡ್ತಾರೆ. ಸುಳ್ಳು ಯಾಕೆ ಹೇಳಲಿ, ಒಂದು ಸಲ ನಾನೂ ಹೋಗಿದ್ದೆ. ಡಾಕ್ಟರು ಒಳ್ಳೆಯವರು, ಚಿತ್ರ ತೋರಿಸಿ ಎಲ್ಲ ಬಿಡಿಸಿ ಹೇಳಿದರು. ನನಗೆ ನಮ್ಮ ಮನೆತನದ ಕಿವಿ, ಬೇಕಾದ್ದಷ್ಟೇ ಕೇಳಿಸಿತು. ಕೊನೆಗೆ ಅವರು, "ತಿಂಗಳುಗಟ್ಟಲೆ ನಿಮ್ಮನ್ನ ನೋಡ್ಕೊಳ್ಳೋರು ಮನೆಯಲ್ಲಿ ಯಾರಿದ್ದಾರೆ?" ಅಂದರು. ಅಲ್ಲಿಂದಲೇ ಹೆಂಡತಿಗೆ ಫೋನ್ ಮಾಡಿದೆ. ಅವಳು ಪೂರ್ತಿ ಕೇಳಿ, "ಹೂಂ, ನೋಡ್ಕೋತೀನ್ರಿ. ಆದ್ರ ಯಾಕ? ಮನ್ಯಾಗ ಸ್ಟೂಲ್ ಐತಲ್ಲ" ಅಂದಳು.

ಬಸ್ಸು ಹತ್ತಿ ಬಂದೆ. ಬನಪ್ಪ-ಶಾಕವ್ವರ ಕುಣಿ ಒಣಗೇ ಇತ್ತು, ಅವರ ರೊಟ್ಟಿ ಬಿಸಿಯಿತ್ತು. ಕತೆ ಅಲ್ಲಿಗೆ ಮುಗೀತು, ನಾನಿಲ್ಲಿ ಎದ್ದೆ. ಎದ್ದೇ ನಿಂತೀನಿ, ಹಿಂದಿನವರೇ, ಸರಿಯಾಗಿ ನೋಡಿ.