ತೊಳೆಯದ ಉಣ್ಣೆಯ ಕಂಬಳಿ

ಹಗೇವಿನ್ಯಾಗ ಹೂತಿಟ್ಟ ಜ್ವಾಳಕ್ಕೂ ನೆನಪಿರಲಾರದಷ್ಟು ಹಿಂದ, ಹೊಳಿ ದಂಡಿ ಮ್ಯಾಲ ಹೊಳಿಮಡ್ಡಿ ಅಂತ ಒಂದು ಊರಿತ್ತಂತ. ಆ ಊರಾಗ ಲಗಮವ್ವ ಅಂತ ಒಬ್ಬಾಕಿ ಇದ್ಲಂತ. ಎಷ್ಟು ವರ್ಷದ ಹಿಂದ ಅಂತ ನನ್ನ ಕೇಳಬ್ಯಾಡ್ರಿ. ನಮ್ಮಜ್ಜನ್ನ ನಾ ಕೇಳಿದ್ದೆ. ಅಂವ ತಲಿಗೊಂದು ಮೊಟಕಿ, "ಕತಿ ಕೇಳ್ತೀಯೋ, ಜಾತಕ ಕೇಳ್ತೀಯೋ?" ಅಂದಿದ್ದ. ನಿಮಗೂ ಅದ ಮಾತು. ಸುಮ್ನ ಕೇಳ್ರಿ.

ಲಗಮವ್ವ ಕುರುಬರಾಕಿ. ಕುರುಬರ ಮನ್ಯಾಗ ಹುಟ್ಟಿ, ಕುರಿ ಹಿಂದ ಒಂದು ದಿನಾನೂ ನಡದಾಕಿ ಅಲ್ಲ. ಸಣ್ಣಾಕಿದ್ದಾಗ ಜಡ್ಡು ಬಂದು ಎಡಗಾಲು ಸೊರಗಿ ಹೋಗಿತ್ತು. ಉಳಿದವ್ರು ಹಿಂಡು ಹೊಡಕೊಂಡು ಪಡುವಣ ಗುಡ್ಡಕ್ಕ ಹೋಗ್ತಿದ್ರು, ಮೂಡಣ ಬಯಲಿಗೆ ಹೋಗ್ತಿದ್ರು, ಕಡಲಿನ ಗಾಳಿ ಬಡಿಯೋ ಘಟ್ಟದ ತುದಿತನಾ ಹೋಗಿ ಬರ್ತಿದ್ರು. ಈಕಿ ಊರಾಗ ಕುಂತು ಅವ್ರು ತಂದ ಉಣ್ಣಿ ನೂಲ್ತಿದ್ಲು. ಮಗ್ಗ ಗಂಡಸರದು ಅಂತಿದ್ರು ಆಗ. ಗಂಡ ಸತ್ತ ಮರುವರ್ಷ ಲಗಮವ್ವ ತಾನ ಮಗ್ಗದ ಕುಣ್ಯಾಗ ಇಳದು ಕುಂತ್ಲಂತ. ಊರ ಗಂಡಸರು ಗೊಣಗಿದ್ರು. "ಗೊಣಗ್ರಿ, ಗೊಣಗ್ರಿ. ಚಳಿ ಬಿತ್ತಂದ್ರ ನನ್ನ ಬಾಗಲಿಗೇ ಬರ್ತೀರಿ" ಅಂದ್ಲಂತ ಆಕಿ. ಬಂದ್ರು ಮತ್ತ. ಬರದ ಎಲ್ಲಿ ಹೋಗ್ತಾರ?

ಊರಾಗ ಒಂದು ಪದ್ಧತಿ ಇತ್ತು. ಹೊಳಿಮಡ್ಡ್ಯಾಗ ಹನ್ನೆರಡು ಹಿಂಡು. ಹನ್ನೆರಡೂ ಹಿಂಡು ತಿರುಗಾಡಿ ಊರಿಗೆ ಬಂದ ಮ್ಯಾಲ, ಹಿಂಡಿಗೊಂದು ಹಿಡಿ ಉಣ್ಣಿ ಕೊಡಬೇಕು. ಆ ಹನ್ನೆರಡು ಹಿಡಿ ಕೂಡಿಸಿ ಬೀರದೇವ್ರಿಗೆ ಕಂಬಳಿ ನೇಯಬೇಕು. ಆದ್ರ ನೂಲೋಕಿಂತ ಮೊದಲು ಉಣ್ಣಿ ನಮ್ಮ ಹೊಳ್ಯಾಗ ತೊಳೀಬೇಕು, ಮೂರು ಸಲ. ಯಾಕಂದ್ರ ಉಣ್ಣಿಗೆ ನೆನಪಿರತೈತಿ ಅಂತಾರ. ಯಾವ ಸೀಮಿ ಹುಲ್ಲು ಮೇದಿತ್ತು, ಯಾವ ಮಳ್ಯಾಗ ನೆಂದಿತ್ತು, ಎಲ್ಲಾ. ಊರ ನೀರಾಗ ತೊಳದ್ರ ಅದು ಪರಊರು ಮರೀತೈತಿ. ಲಗಮವ್ವಗ ಆಕಿ ಅವ್ವ ಹೇಳಿದ್ಲು, ಅವ್ವಗ ಅವರವ್ವ.

ಒಂದು ವರ್ಷ ಏನಾತು, ಹೊಳಿ ಬತ್ತಿತು. ಎಂದೂ ಬತ್ತಲಾರದ ತಿಂಗಳದಾಗ ಬತ್ತಿತು. ಉಸುಕು ತೋಡಿ, ತಾಸುಗಟ್ಟಲೆ ಕುಂತು, ಬಟ್ಟಲದಿಂದ ಎತ್ತಿ ಎತ್ತಿ ಒಂದು ಕೊಡ ತುಂಬಸಬೇಕು. ಕುಡ್ಯಾಕ ಇಲ್ಲದ ನೀರು ಉಣ್ಣಿಗೆ ಯಾರು ಹಾಕ್ತಾರ? ಅಷ್ಟ ಅಲ್ಲ, ಆ ವರ್ಷ ಹನ್ನೊಂದ ಹಿಂಡು ಬಂದ್ವು. ಮೂಡಣ ಬಯಲಿಗೆ ಹೋದ ಹನ್ನೆರಡನೇದು ಬರಲಿಲ್ಲ. ಕುರಿ ಬರಲಿಲ್ಲ, ಮಂದಿ ಬರಲಿಲ್ಲ, ನಾಯಿ ಸೈತ ಬರಲಿಲ್ಲ. ಅಲ್ಲಿ ಮಳಿ ನಿಂತು ಮೂರು ವರ್ಷ ಆಗಿತ್ತಂತ, ನೆಲ ಬಾಯಿ ಬಿಟ್ಟು ನಿಂತಿತ್ತಂತ. ಅದು ಬಿಟ್ರ ಸುದ್ದಿ ಇಲ್ಲ.

ದೇವ್ರ ಕಂಬಳಿ ಹನ್ನೊಂದು ಹಿಡಿಯಿಂದ ಆಗಂಗಿಲ್ಲ. ಲಗಮವ್ವ ಹನ್ನೊಂದು ಹಿಡೀನ ಮತ್ತೊಮ್ಮೆ ಎಣಿಸಿದ್ಲು. ಆಮ್ಯಾಲ ಕುರಿ ಕತ್ತರಿಸೋ ಕತ್ತರಿ ತಗೊಂಡು, ತನ್ನ ಮೊಣಕಾಲುದ್ದ ಕೂದಲಾ ಬುಡಕ್ಕ ಕತ್ತರಿಸಿ, ಹನ್ನೆರಡನೇ ಹಿಡಿ ಅಂತ ಇಟ್ಲಂತ. "ನಾನೂ ಈ ಊರ ಕುರೀನ ಅಲ್ಲೇನು? ಎಲ್ಲೂ ಮೇಯಾಕ ಹೋಗದಿದ್ದ ಕುರಿ" ಅಂದ್ಲಂತ. ಉಣ್ಣಿ ತೊಳೀಲಿಲ್ಲ. ತೊಳೀದ ಹಂಜಿ ಮಾಡಿದ್ಲು, ತೊಳೀದ ನೂತ್ಲು. ಪಡುವಣದ್ದು ಒಂದು ಸೆರಗಿಗೆ ಬಂತು, ಮೂಡಣಕ್ಕ ಹೋಗಿ ತಿರುಗಿ ಬಂದ ಹಿಂಡಿಂದು ಇನ್ನೊಂದು ಸೆರಗಿಗೆ ಬಂತು, ಆಕಿ ಕೂದಲು ನಟ್ಟ ನಡುವ ಬಂತು. ನೇಯ್ದು, ಹುಣಸಿಬೀಜದ ಗಂಜಿ ಸವರಿ, ಬಿಸಿಲಿಗೆ ಒಣಗಿಸಿ, ತೊಳೀದ್ದನ್ನ ಗುಡಿಗೆ ಹೆಂಗ ಒಯ್ಯೋದು ಅಂತ ಪಡಸಾಲಿ ಗಳದ ಮ್ಯಾಲ ಹಾಕಿದ್ಲು.

ಎಂಟು ದಿನಕ್ಕ ಕಂಬಳಿ ತೊಯ್ದಿತ್ತು.

ಮನಿ ಸೋರಿರಬೇಕು ಅಂದ್ಕೊಂಡ್ಲು. ಮಳೀನ ಇಲ್ಲ, ಸೋರೋದೆಲ್ಲಿಂದ? ಯಾರೋ ಕಿತಾಪತಿ ಮಾಡ್ಯಾರ ಅಂತ ಓಣಿ ತುಂಬ ಬೈದ್ಲು. ಬೈದು ಒಳಗ ಬಂದು ಹಿಂಡಿದ್ರ, ಪಡುವಣ ಸೆರಗಷ್ಟ ತೊಯ್ದೈತಿ. ಕೊಳೆತ ಎಲಿ ವಾಸನಿ. ಹಿಂಡಿದ ನೀರಾಗ ಕರ್ರಗ ಒಂದು ಹುಳ ಬಿತ್ತು, ನೆಟ್ಟಗ ನಿಂತು ಆ ಕಡಿ ಈ ಕಡಿ ಮುಖ ತಿರಿವಿ ಯಾರನ್ನೋ ಹುಡುಕಾಕತ್ತಿತು. ಹೊಳಿಮಡ್ಡ್ಯಾಗ ಅಂಥ ಹುಳ ಯಾರೂ ಕಂಡಿದ್ದಿಲ್ಲ. ಲಗಮವ್ವಗ ಒಬ್ಬಾಕಿ ಮಗಳು, ಹಾಲವ್ವ. ಆಕಿ ಗಂಡ ಮಾಳಿಂಗನ ಕೂಡ ಹಿಂಡಿನ ಹಿಂದ ಪಡುವಣ ಗುಡ್ಡ ನೋಡಿ ಬಂದಾಕಿ. "ಯವ್ವಾ, ಇದು ಜಿಗಳಿ! ಗುಡ್ಡದಾಗ ಮಳಿ ಹಿಡದಾಗ ಕಾಲಿಗೆ ಹತ್ತತಾವ. ಇಲ್ಲಿಗೆ ಹೆಂಗ ಬಂತು?" ಅಂತ ಚೀರಿದ್ಲಂತ.

ಮೂರನೇ ದಿನಕ್ಕ, ನೆತ್ತಿ ಸುಡೋ ಬಿಸಲಾಗ, ಬತ್ತಿದ ಹೊಳಿಗೆ ಕೆಂಪು ನೀರು ಬಂತು.

ಅವತ್ತು ಊರಿಗೆ ತಿಳೀತು. ನಮ್ಮ ಮುಗಲು ನಮ್ಮದು, ಆದ್ರ ನಮ್ಮ ಹೊಳಿ ಪರಊರ ಮಳೀದು. ಮುಂದ ನಾಕೈದು ವರ್ಷ ಮಂದಿ ಮುಂಜಾನೆದ್ದು ಮಾರಿ ತೊಳಕೊಳ್ಳಾಕಿಂತ ಮೊದಲು ಲಗಮವ್ವನ ಪಡಸಾಲಿಗೆ ಬಂದು ಕಂಬಳಿ ಮುಟ್ಟಿ ಹೋಗ್ತಿದ್ರು. ಪಡುವಣ ಸೆರಗು ಹಸಿ ಆದ್ರ ತೆಗ್ಗಿನ ಮನಿಯವ್ರು ಕಾಳುಕಡಿ ಕಟಗೊಂಡು ಎತ್ತರದ ಕಲ್ಲು ಮಡ್ಡಿ ಏರ್ತಿದ್ರು. ಪಂಚಾಂಗದ ಅಯ್ನೋರು ಮಳಿ ನಕ್ಷತ್ರ ಹೇಳೋರು. ಮಿರಗ, ಆರಿದ್ರಿ, ಪುಷ್ಯ, ಆಸಳಿ ಅಂತ ಅವ್ರು ಎಣಸೋದೂ ಕಂಬಳಿ ತೋಯೋದೂ ತಾಳಕ್ಕ ತಾಳ ಕೂಡ್ತಿತ್ತಂತ.

ಆಮ್ಯಾಲ ತಾಳ ತಪ್ಪಿತು.

ಮಿರಗ ಬಂತು, ಕಂಬಳಿ ತವುಡಿನಂಗ ಒಣಾ. ಆರಿದ್ರಿ ಬಂತು, ಒಣಾ. ಎಲ್ಲಾ ಮುಗದು ಸುಗ್ಗಿ ರಾಶಿ ಹಾಕೋ ಹೊತ್ತಿಗೆ ತೊಟತೊಟ ತೊಟಕಾಕತ್ತಿತು. ಒಂದು ಕಡಿ ತೊಟಕತಿದ್ರ ಇನ್ನೊಂದು ಕಡಿ, ಮೂಡಣ ಸೆರಗು, ಹಪ್ಪಳದಂಗ ಮುರಿಯಾಕತ್ತಿತು. ಮುಟ್ಟಿದ್ರ ಕಾದ ಹಂಚು. ಒಂದ ಕಂಬಳಿ, ಒಂದ ಗಳ! ಕಸಾ ಹೊಡಿಯಾಕ ಬಂದ್ರ ಆ ಸೆರಗಿನ ಬುಡಕ ದಿನಾ ಒಂದು ಹಿಡಿ ಕೆಂಪು ಧೂಳು ಬಿದ್ದಿರತಿತ್ತಂತ. ಆ ಬಣ್ಣದ ಮಣ್ಣು ನಮ್ಮ ಸೀಮ್ಯಾಗ ಇಲ್ಲ. ನಡುವ ಆಕಿ ಕೂದಲಿದ್ದ ಎರಡು ಮೊಳದಷ್ಟು ಜಾಗ ಮಾತ್ರ ಹೆಂಗಿತ್ತೋ ಹಂಗ. ತೋಯೋದಿಲ್ಲ, ಸುಡೋದಿಲ್ಲ.

ಎರಡು ಸಲ ಕಂಬಳಿ ತೊಯ್ತಂತ ಊರು ಮಡ್ಡಿ ಏರಿತು. ಎರಡೂ ಸಲ ಹೊಳಿ ಬರಲಿಲ್ಲ. ಗುಡ್ಡದ ಆಚಿ ಮೈಗೆ ಮಳಿ ಹೊಡದು, ನೀರೆಲ್ಲಾ ಕಡಲಿಗೆ ಹೋಗಿತ್ತು. ಸುಗ್ಗಿ ಬಿಟ್ಟು ಮೂರು ಮೂರು ದಿನ ಕಲ್ಲಿನ ಮ್ಯಾಲ ಕುಂತ ಮಂದಿಗೆ ಸಿಟ್ಟು ಬರದ ಇರತೈತೇನು? "ಕಂಬಳಿಗೆ ಅರಳು ಮರಳು ಆಗೈತಿ" ಅಂದ್ರು. ಲಗಮವ್ವ ಅಯ್ನೋರ ಮುಂದ ಹೋಗಿ, "ಅಪ್ಪಾರ, ಮರುಳು ಕಂಬಳಿಗೆ ಅಲ್ರಿ, ಹೊರಗಿನ ಲೋಕಕ್ಕ. ಒಂದ ನೇಯ್ಗಿ ಐತಿ. ಈ ಸೆರಗು ಕೊಳತು ಆ ಸೆರಗು ಸುಟ್ರ ನಡುವಿನವ್ರು ನಾವು ಉಳಿತೀವೇನ್ರಿ?" ಅಂದ್ಲಂತ. ಅಯ್ನೋರು ಪಂಚಾಂಗ ಮಡಚಿಟ್ರಂತ. ಪಂಚಾಂಗದಾಗ ಅದಕ್ಕ ಹಾಳಿ ಇದ್ದಿದ್ದಿಲ್ಲ. ಲಗಮವ್ವಗ ರಾತ್ರಿ ನಿದ್ದಿ ಹತ್ತಲಾರದಂಗ ಆತು. ಅಂಜಿಕಿ ಅದು, ಬರೇ ಅಂಜಿಕಿ.

ಈಗ ಆ ದಿನದ ಮಾತಿಗೆ ಬರ್ತೀನಿ.

ಸ್ವಾತಿ ಮಳಿ ಮುಗದು ಎಂಟು ದಿನ. ಮಳಿರಾಯ ಮಾವನ ಮನಿ ಸೇರಿದ ಅಂತ ಮಂದಿ ಕೊಪ್ಪಿ ಕಂಬಳಿ ಮಡಚಿ ಇಟ್ಟಿದ್ರು. ಹೊಳಿ ಸಣ್ಣಾಗಿ ಮೊಣಕಾಲಮಟ ಹರೀತಿತ್ತು, ನಡುಗಡ್ಡಿ ಮ್ಯಾಲ ಹುಲ್ಲಿತ್ತು. ಹನ್ನೊಂದೂ ಹಿಂಡು ಅಲ್ಲಿ ಬೀಡು ಬಿಟ್ಟು ಉಣ್ಣಿ ಕತ್ತರಿಸ್ತಿದ್ವು. ಹಾಲವ್ವಗ ದಿನ ತುಂಬಿದ್ವು, ಆಕೀನೂ ಅಲ್ಲೇ. ಮುಂಜಾನಿಂದ ಬ್ಯಾನಿ ಸುರು ಆಗಿತ್ತು.

ಮಧ್ಯಾಹ್ನದಾಗ ಲಗಮವ್ವ ಮಗಳಿಗೆ ಅಂತ ಗಂಜಿ ಕಾಸಾಕತ್ತಿದ್ಲು. ಹಿಂದ ಹನಿ ಬಿದ್ದ ಸಪ್ಪಳ ಆತು. ತಿರುಗಿ ನೋಡಿದ್ರ ಕಂಬಳಿ. ಒಂದು ಸೆರಗಲ್ಲ, ಎರಡೂ ಸೆರಗು. ಗಳ ಬಾಗಿತ್ತು, ನೀರು ಹೊಸ್ತಲಾ ದಾಟಿತ್ತು. ಬೆರಳು ಅದ್ದಿ ನಾಲಿಗಿಗೆ ಹಚ್ಚಿದ್ಲು. ಉಪ್ಪು.

ಕಡಲು ಅನ್ನೋದು ಆಕಿ ಕಂಡಾಕಿ ಅಲ್ಲ. ಕಣ್ಣೀರು ಬಿಟ್ರ ಉಪ್ಪುನೀರು ಆಕಿಗೆ ಗೊತ್ತಿಲ್ಲ. ಗಂಜಿ ಒಲಿ ಮ್ಯಾಲ ಬಿಟ್ಟು, ಕಂಬಳಿ ಹೆಗಲಿಗೆ ಎಳಕೊಂಡು, ಕೋಲೂರಿ ಹೊಳಿಗೆ ಇಳದ್ಲು. ಓಣ್ಯಾಗ ಕುಂತ ಗಂಡಸರು, "ಲಗಮವ್ವಾ, ಮತ್ತ ಮಡ್ಡಿ ಏರೂಣೇನು?" ಅಂತ ನಕ್ರು. ಮುಗಲು ತೊಳದ ತಾಟಿನಂಗ ಇತ್ತು. ಆಕಿ ತಿರುಗಿ ಸೈತ ನೋಡಲಿಲ್ಲ.

ನಡುಗಡ್ಡ್ಯಾಗ ಅಳಿಯ ಮಾಳಿಂಗ ಎದುರು ಬಂದ. "ಅತ್ತೀ, ಈ ಕಾಲಾಗ ನೀವ್ಯಾಕ ಬಂದ್ರಿ? ಆಕಿನ್ನ ಅಲಗಾಡಸಬ್ಯಾಡ ಅಂದಾಳ ಸೂಲಗಿತ್ತಿ" ಅಂದ. ಲಗಮವ್ವ ಕಂಬಳಿ ಸೆರಗು ಹಿಂಡಿ ಅವನ ಅಂಗೈಯಾಗ ನೀರು ಹಾಕಿದ್ಲು. ಅಂವ ನೆಕ್ಕಿದ. ಅಂವ ಘಟ್ಟದ ತುದಿತನಾ ಹೋಗಿ ಬಂದಾಂವ, ಕಡಲಿನ ಗಾಳ್ಯಾಗಿನ ಆ ರುಚಿ ಅವಂಗ ಗೊತ್ತಿತ್ತು. ಹಿಂಡು ಎಬ್ಬಸಾಕ ಓಡಿದ. ಆದ್ರ ಮಟಮಟ ಮಧ್ಯಾಹ್ನ, ಕುರಿ ತಲಿಗೆ ತಲಿ ಕೂಡಿಸಿ ನಿಂತಿದ್ವು. ಹಂಗ ನಿಂತ ಕುರಿ ದೇವ್ರು ಬಂದು ಎಬ್ಬಿಸಿದ್ರೂ ಏಳಂಗಿಲ್ಲ, ನಿಮಗೂ ಗೊತ್ತೈತಿ. ಕುರಿ ಬಿಟ್ಟು ಕುರುಬ ಏಳಂಗಿಲ್ಲ, ಅದೂ ಗೊತ್ತೈತಿ.

ಲಗಮವ್ವ ಕಂಬಳಿ ಬಿಚ್ಚಿ ಝಾಡಿಸಿದ್ಲು. ಹನ್ನೊಂದು ಹಿಂಡಿನ ವಾಸನಿ ಅದರಾಗ. ಒಂದು ಟಗರು ತಲಿ ಎತ್ತಿತು. ಆಮ್ಯಾಲ ಇನ್ನೊಂದು. ಆಮ್ಯಾಲ ಎಲ್ಲಾ. ಒಂದ ಒಂದು ಕುರಿ ಒದರಲಿಲ್ಲಂತ, ಮರಿ ಸೈತ. ಸಪ್ಪಳಿಲ್ಲದ ಸಾವಿರ ಕುರಿ ಕಂಬಳಿ ಕಡಿ ಮಾರಿ ಮಾಡಿ ನಿಂತ್ವು. ಹಾಲವ್ವನ್ನ ಅದ ಕಂಬಳ್ಯಾಗ ಮಲಗಿಸಿದ್ರು, ನಾಕು ಮಂದಿ ನಾಕು ಮೂಲಿ ಹಿಡದ್ರು, ಮಡ್ಡಿ ಕಡಿ ನಡದ್ರು. ಕುರಿ ಹಿಂದ ಹರದು ಬಂದ್ವು. ಅದನ್ನ ನೋಡಿ ಓಣಿ ಗಂಡಸರ ನಗಿ ನಿಂತಿತು. ಎದ್ರು, ಹೆಂಡ್ರು ಮಕ್ಕಳನ್ನ ಕರದ್ರು, ಅವ್ರೂ ಏರಿದ್ರು.

ಲಗಮವ್ವ ಕಂಬಳಿ ಮಗ್ಗಲಕ್ಕ, ಮಗಳ ಮಾರಿ ನೋಡ್ಕೋತ ಕುಂಟಾಕತ್ತಿದ್ಲು. ದಂಡಿ ಮುಟ್ಟಿದ್ರು. ಆಗ ಹಿಂದ, ಖಾಲಿ ನಡುಗಡ್ಡ್ಯಾಗ, ಕುರಿ ಗಂಟಿ ಸಪ್ಪಳ ಕೇಳಿತು.

ಮಾಳಿಂಗ ಎಣಿಸಿದ. ಹನ್ನೊಂದು ಹಿಂಡೂ ದಂಡಿ ಏರ್ಯಾವು. ಗಂಟಿ ಹಿಂದ ಬಾರಸ್ತೈತಿ. ಎಲ್ಲಾರೂ ಕೇಳಿದ್ರು. ಲಗಮವ್ವ ನಿಂತ್ಲು. ಮಗಳ ಹಣಿ ಸವರಿ, "ಯಾರೋ ಹಿಂದ ಉಳದಾರ. ನೀವು ನಡೀರಿ, ನಾ ಹೊಡಕೊಂಡು ಬರ್ತೀನಿ" ಅಂದ್ಲು. "ಯವ್ವಾ, ಬ್ಯಾಡಬೇ!" ಅಂತ ಹಾಲವ್ವ ಅವ್ವನ ಸೀರಿ ಸೆರಗು ಹಿಡದ್ಲು. ಹಿಡದ ಕೈಗೆ ಅದ ಹೊತ್ತಿಗೆ ಬ್ಯಾನಿ ಬಂತು, ಸೆರಗು ಜಾರಿತು. ನಾಕು ಮೂಲಿ ಹಿಡದ ನಾಕು ಮಂದಿ ಕೈ ಬಿಡಂಗಿಲ್ಲ. ಉಳದವ್ರು ಕರದ್ರು, ಆಕಿ ಕೇಳಲಿಲ್ಲ. ಜಲ್ಮದಾಗ ಒಂದು ದಿನಾನೂ ಕುರಿ ಹಿಂದ ಹೋಗದಾಕಿ, ಕೋಲೂರಿ ತಿರುಗಿ ಹೊಳಿಗೆ ಇಳದ್ಲು.

ನೀರು ಬಿಸಲಾಗ ಬಂತು. ಮೋಡ ಇಲ್ಲ, ಗುಡುಗಿಲ್ಲ. ಮೊದಲು ಹೊಳಿ ಹರಿಯೋದು ನಿಂತಿತಂತ, ಆಮ್ಯಾಲ ಉಸುಕು ತಾನ ಕರ್ರಗಾತಂತ, ಆಮ್ಯಾಲ ತಿರುವಿನ್ಯಾಗ ಆಳೆತ್ತರದ ಕೆಂಪು ಗ್ವಾಡಿ. ತೆಗ್ಗಿನ ಮನಿ ಒಂದೂ ಉಳೀಲಿಲ್ಲ, ಮಂದಿ ಒಬ್ರೂ ಸಾಯಲಿಲ್ಲ. ಒಬ್ಬಾಕಿ ಬಿಟ್ಟು. ತಿರುಗಿ ನೋಡಿದವ್ರು ಒಂದು ಮಾತು ಹೇಳ್ತಾರ. ಗ್ವಾಡಿ ಬರೋ ಮುಂದ ನಡುಗಡ್ಡ್ಯಾಗ ಆಕಿ ಹೊಂಟಿದ್ಲಂತ, ಕುಂಟಲಿಲ್ಲಂತ, ನೆಟ್ಟಗ ನಡೀತಿದ್ಲಂತ. ಮುಂದ ಕೆಂಪು ಧೂಳಿನ ಬಣ್ಣದ ಒಂದು ಹಿಂಡು. ನೋಡಿದವ್ರು ಈಗ ಇಲ್ಲ, ಹೇಳಿದವ್ರು ಅದಾರ.

ಮಡ್ಡಿ ಮ್ಯಾಲ, ಹಸಿ ಕಂಬಳಿ ಮ್ಯಾಲ ಹಾಲವ್ವ ಹಡದ್ಲು. ಹೆಣ್ಣು ಕೂಸು. ನಾಕೂ ಮೂಲ್ಯಾಗ ಉಪ್ಪುನೀರು ಸುರೀತಿತ್ತು. ಕೂಸಿಗೆ ಥಂಡಿ ಹತ್ತತೈತಿ ಅಂತ ಸೂಲಗಿತ್ತಿ ಎತ್ತಾಕ ಹೋದ್ರ, ಕೂಸು ಮಲಗಿದ್ದು ನಟ್ಟ ನಡುವ, ಆಕಿ ಕೂದಲಿನ ಆ ಎರಡು ಮೊಳದ ಜಾಗದಾಗ. ಅದು ಒಣಗಿತ್ತು, ಬೆಚ್ಚಗಿತ್ತು. ಹಾಲವ್ವ ಅಲ್ಲಿ ಕೈಯಿಟ್ಟು ನೋಡಿ, "ನಮ್ಮವ್ವ ತೊಯ್ದಿಲ್ಲ" ಅಂದ್ಲು. ಆಮ್ಯಾಲ ಆಕಿ ಅಳಲಿಲ್ಲ, ತಿಥಿ ಮಾಡಾಕೂ ಬಿಡಲಿಲ್ಲ. ತೊಯ್ದಿಲ್ಲದವ್ರಿಗೆ ಎಂಥಾ ತಿಥಿ ಅಂತಿದ್ಲಂತ, ಸಾಯೋತನಾ.

ಈಗಲೂ ಹೊಳಿಮಡ್ಡ್ಯಾಗ ದೇವ್ರ ಕಂಬಳಿಗೆ ಕೊಡೋ ಉಣ್ಣಿ ಯಾರೂ ತೊಳ್ಯಂಗಿಲ್ಲ. ಸ್ವಾತಿ ಮುಗದು ಎಂಟನೇ ದಿನಕ್ಕ ಹಿಂಡು ಎಣಸ್ತಾರ, ಹನ್ನೊಂದು ಎಣಿಸಿ ಹನ್ನೆರಡು ಅಂತಾರ. ನೀವು ಫೋನಿನ್ಯಾಗ ಮಳಿ ನೋಡಾವ್ರು, ನಗ್ರಿ. ಆದ್ರ ನಿಮ್ಮನ್ನೂ ಹುಟ್ಟಿದ ಐದನೇ ದಿನಕ್ಕ ಬೀರದೇವ್ರ ಗುಡಿಗೆ ಒಯ್ದು, ಇನ್ನೂ ಆರದ ಆ ಹಳೇ ಕಂಬಳಿ ಹಾಸಿ, ಲಗಮವ್ವನ ಒಣಾ ಜಾಗದಾಗ ಮಲಗಿಸಿ ತಂದೇವಿ. ಎಲ್ಲಾ ಕೂಸನ್ನೂ ಹಂಗ ಮಲಗಸ್ತಾರ, ಎಲ್ಲಿ ಹೋದ್ರೂ ಊರು ಮರೀಬಾರದು ಅಂತ.

ನಾ ಹುಟ್ಟಿದಾಗ ಕೂಸು ಅಂಗಾತ ಮಲಗಿದ್ರ ಸುತ್ತ ನಾಕು ಬೆರಳು ಒಣಾ ಜಾಗ ಮಿಗತಿತ್ತಂತ. ನನ್ನ ಮಗನ್ನ ಮಲಗಿಸಿದಾಗ ಕಾಲು ಹಸಿ ಮ್ಯಾಲ ಬಂದ್ವು, ಮಡಚಿ ಮಲಗಿಸಿದ್ವಿ. ಮೊನ್ನೆ ಮೊಮ್ಮಗಳನ್ನ ಒಯ್ದಿದ್ವಿ.

ಒಣಾ ಜಾಗದಾಗ ತಲಿ ಅಷ್ಟ ಹಿಡೀತು.