ಬಿಸಿಲಿಗೆ ಬಂದ ಆಮೆಯಜ್ಜಿ

ಕೆರೆಯ ಮೆಟ್ಟಿಲ ಸಂದಿನಲ್ಲಿ ಮುದಿ ಆಮೆಯೊಂದು ವಾಸವಾಗಿತ್ತು. ಒಮ್ಮೆ ದಂಡೆಯಲ್ಲಿ ನರಿಯ ಬಾಯಿಂದ ಹೇಗೋ ಪಾರಾದ ಮೇಲೆ ಅದು ಬಿಸಿಲಿಗೆ ಬರುವುದನ್ನೇ ಬಿಟ್ಟಿತ್ತು. ವರ್ಷಗಳು ಕಳೆದಂತೆ ಕಾಲಿನ ಗಂಟುಗಳು ನೋಯತೊಡಗಿದವು, ಬೆನ್ನಿನ ಚಿಪ್ಪು ಮೆತ್ತಗಾಯಿತು. ಮೂಳೆಗೆ ಬಲ ಬರಲೆಂದು ಅದು ದಿನವೂ ಬಸವನಹುಳುಗಳನ್ನು ಚಿಪ್ಪಿನ ಸಮೇತ ತಿಂದಿತು. ನೋವು ಕಡಿಮೆಯಾಗಲಿಲ್ಲ.

ಮೆಟ್ಟಿಲ ಮೇಲೆ ಮೈ ಕಾಯಿಸುತ್ತಿದ್ದ ಓತಿಕೇತ ಅದರ ನರಳಾಟ ಕೇಳಿ, "ಅಜ್ಜಿ, ತಿಂದದ್ದು ಮೂಳೆಗೆ ಸೇರಬೇಕಾದರೆ ಮೈಗೆ ಬಿಸಿಲು ತಾಗಬೇಕು. ಮೇಲೆ ಬನ್ನಿ" ಎಂದಿತು.

"ಮೇಲೆ ನರಿ ಇದೆಯಪ್ಪ. ಇಲ್ಲಿ ನನಗೆ ಯಾವ ಅಪಾಯವೂ ಇಲ್ಲ."

"ನಿಮ್ಮ ಚಿಪ್ಪನ್ನು ಒಮ್ಮೆ ಒತ್ತಿ ನೋಡಿಕೊಳ್ಳಿ."

ಆಮೆ ಪಕ್ಕದ ಕಲ್ಲಿಗೆ ಮೈ ಒತ್ತಿತು. ಚಿಪ್ಪು ಒಳಕ್ಕೆ ಬಾಗಿತು. ಸಂದಿನಿಂದ ತಲೆ ಹೊರಚಾಚಿ ಅದು ಕೇಳಿತು: "ನೀನು ಕಾವಲಿರುತ್ತೀಯಾ?"

"ಇರುತ್ತೇನೆ."

ಅಂದಿನಿಂದ ಆಮೆ ದಿನವೂ ಬಿಸಿಲಿಗೆ ಬಂದು ಕೂರತೊಡಗಿತು. ಕೆಲವು ತಿಂಗಳಲ್ಲಿ ಚಿಪ್ಪು ಗಟ್ಟಿಯಾಯಿತು. ಒಂದು ದಿನ ಅದು ಕೆರೆಯ ಏರಿಯವರೆಗೆ ನಡೆದು ಹೋಗಿ ಬಂದಿತು.

"ನೋವು ಹೋಯಿತೇ ಅಜ್ಜಿ?" ಎಂದು ಓತಿಕೇತ ಕೇಳಿತು.

"ಪೂರ್ತಿ ಹೋಗಿಲ್ಲ" ಎಂದಿತು ಆಮೆ. "ಮೊದಲು ಕೂತಲ್ಲೇ ನೋಯುತ್ತಿತ್ತು. ಈಗ ನೋಯಬೇಕಾದರೆ ಏರಿಯವರೆಗೆ ನಡೆಯಬೇಕು."