ತಗಲಿತಾ, ಇಲ್ಲವಾ?

ಎಂಟು ದೇಶಗಳ ಗಂಡಸರ ಹಾಕಿ ಪಂದ್ಯಾವಳಿ ನಡೆಯುತ್ತಿತ್ತು. ನಮ್ಮ ತಂಡಕ್ಕೆ ವಿರಾಜಪೇಟೆಯ ಪೂಣಚ್ಚ ನಾಯಕ. ಚೆಂಡು ಅವನ ಸ್ಟಿಕ್ಕಿಗೆ ಸಿಕ್ಕಿತೆಂದರೆ ಬಿಡಿಸಿಕೊಳ್ಳುವುದು ಯಾರಪ್ಪನಿಂದಲೂ ಆಗುತ್ತಿರಲಿಲ್ಲ. ಆದರೆ ಕೋಪ ಮಾತ್ರ ಮೂಗಿನ ತುದಿಯಲ್ಲೇ. ತಂಡ ಕಪ್ ಗೆದ್ದು ವರ್ಷಗಳೇ ಆಗಿದ್ದವು. ಈ ಸಲವೂ ಬರಿಗೈಯಲ್ಲಿ ಬಂದರೆ ನಾಯಕತ್ವ ಬೇರೆಯವರಿಗೆ ಎಂದು ಆಯ್ಕೆಗಾರರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು.

ಮಕ್ಕಳೇ, ಇಲ್ಲೊಂದು ನಿಯಮ ತಿಳಿದುಕೊಳ್ಳಿ. ಗೋಲು ಕಾಯುವ ಕಡೆಯವನ ಕಾಲಿಗೆ ಗೋಲಿನ ಹತ್ತಿರ ಚೆಂಡು ತಗಲಿದರೆ ತಪ್ಪು. ಎದುರಾಳಿಗೆ ಪೆನಾಲ್ಟಿ ಕಾರ್ನರ್ ಸಿಗುತ್ತದೆ, ಅಂದರೆ ಗೋಲು ಹೊಡೆಯಲು ಒಳ್ಳೆಯ ಅವಕಾಶ. ಅಂಪೈರ್ ಸುಮ್ಮನೆ ಸೀಟಿ ಊದಿದರು ಅನ್ನಿಸಿದರೆ, ಟಿವಿಯಲ್ಲಿ ನೋಡಿ ಹೇಳಿ ಎಂದು ತಂಡ ಕೇಳಬಹುದು. ಅದಕ್ಕೆ ರೆಫರಲ್ ಎನ್ನುತ್ತಾರೆ. ಪಂದ್ಯಕ್ಕೆ ಒಂದೇ ಒಂದು. ಕೇಳಿದ್ದು ಸರಿಯಾಗಿದ್ದರೆ ಅದು ಉಳಿಯುತ್ತದೆ. ತಪ್ಪಾಗಿದ್ದರೆ ಕೈಬಿಟ್ಟು ಹೋಗುತ್ತದೆ, ಆಮೇಲೆ ಎಂಥ ಅನ್ಯಾಯವಾದರೂ ಬಾಯಿ ಮುಚ್ಚಿಕೊಂಡು ಆಡಬೇಕು.

ಮೊದಲ ಪಂದ್ಯದಲ್ಲೇ ಅಂಪೈರ್ ಸೀಟಿ ಊದಿದರು. ಚೆಂಡಿನ ಬಳಿ ಇದ್ದವನು ಗದಗಿನ ಹುಡುಗ ಮೈಲಾರಿ. ಪೂಣಚ್ಚ ಓಡಿಬಂದು ಕಣ್ಣು ಕೆಂಪಗೆ ಮಾಡಿ ಕೇಳಿದ, "ತಗಲಿತಾ, ಇಲ್ಲವಾ?"

"ಇಲ್ರಿ ಅಣ್ಣಾರ, ಹತ್ತೇ ಇಲ್ಲ."

ಪೂಣಚ್ಚ ರೆಫರಲ್ ಕೇಳಿದ. ಮೈದಾನದ ದೊಡ್ಡ ಪರದೆಯ ಮೇಲೆ ಚೆಂಡು ಮೈಲಾರಿಯ ಬೂಟಿಗೆ ಬಡಿದದ್ದನ್ನು ಊರೆಲ್ಲ ನೋಡಿತು. ಎರಡನೆಯ ಪಂದ್ಯದಲ್ಲೂ ಇದೇ ಹಾಡು. ಮೂರನೆಯದರಲ್ಲಿ ಬೇರೆಯವನ ಕಾಲು, ಅದೇ ಸುಳ್ಳು. ತಂಡ ಹೇಗೋ ಏದುಸಿರು ಬಿಡುತ್ತಾ ಗೆದ್ದು ಮುಂದೆ ಹೋಗುತ್ತಿತ್ತು, ಆದರೆ ರೆಫರಲ್ ಮಾತ್ರ ಒಂದು ದಿನವೂ ಉಳಿಯಲಿಲ್ಲ.

ಅದೇ ಪಂದ್ಯಾವಳಿಗೆ ಭೂಪಟದಲ್ಲಿ ಸಾಸಿವೆ ಕಾಳಿನಷ್ಟಿದ್ದ ಒಂದು ದ್ವೀಪದ ತಂಡವೂ ಬಂದಿತ್ತು. ಅವರ ನಾಯಕನ ಹೆಸರು ಮನೋವ. ಅವನು ರೆಫರಲ್ ಕೇಳಿದನೆಂದರೆ ಮುಗಿಯಿತು, ತೀರ್ಪು ಅವನ ಕಡೆಗೇ. ಒಂದು ಸಲವೂ ತಪ್ಪಲಿಲ್ಲ. ಕಿವಿಯಲ್ಲಿ ಏನೋ ಯಂತ್ರ ಬಚ್ಚಿಟ್ಟುಕೊಂಡಿದ್ದಾನೆ ಎಂದರು ಕೆಲವರು. ಅವನಿಗೆ ಹದ್ದಿನ ಕಣ್ಣು ಎಂದರು ಇನ್ನು ಕೆಲವರು. ಪೂಣಚ್ಚನಿಗೆ ಯಾವುದೂ ನಂಬಿಕೆಯಾಗಲಿಲ್ಲ. ಇದರ ಗುಟ್ಟೇನು ಎಂಬ ಹುಳ ಅವನ ತಲೆಯನ್ನು ಹೊಕ್ಕಿತು. ಊಟ ರುಚಿಸದು, ಅಭ್ಯಾಸದಲ್ಲಿ ಮನಸ್ಸು ನಿಲ್ಲದು.

ದ್ವೀಪದವರ ಮುಂದಿನ ಪಂದ್ಯಕ್ಕೆ ಅವನು ದುರ್ಬೀನು ಹಿಡಿದು ಗ್ಯಾಲರಿಯಲ್ಲಿ ಕುಳಿತ. ಚೆಂಡನ್ನು ನೋಡಲೇ ಇಲ್ಲ. ಮನೋವನನ್ನೇ ನೋಡಿದ. ಸೀಟಿ ಕೇಳಿಸಿತು. ಮನೋವನ ಕಡೆಯ ಆಟಗಾರನೊಬ್ಬ ತಾನಾಗಿಯೇ ಕೈಯೆತ್ತಿ ತನ್ನ ಕಾಲು ತೋರಿಸಿದ. ಮನೋವ ಅವನ ಬೆನ್ನು ತಟ್ಟಿ ಓಡಿದ. ರೆಫರಲ್ ಕೇಳಲಿಲ್ಲ. ಪೂಣಚ್ಚ ದುರ್ಬೀನು ಕೆಳಗಿಟ್ಟ. ತಪ್ಪು ಮಾಡಿದವನ ಬೆನ್ನು ತಟ್ಟುತ್ತಾರೆಯೇ? ಇದೆಂಥ ವಿಚಿತ್ರ!

ತಡೆಯಲಾಗದೆ ಮರುದಿನ ಆಟಗಾರರ ಊಟದ ಮನೆಯಲ್ಲಿ ಮನೋವನ ಎದುರು ಹೋಗಿ ಕುಳಿತ. ಮನೋವ ಅನ್ನಕ್ಕೆ ಬಾಳೆಹಣ್ಣು ಕಲಸಿಕೊಂಡು ಸುಖವಾಗಿ ಉಣ್ಣುತ್ತಿದ್ದ. ಇಬ್ಬರಿಗೂ ಅರೆಬರೆ ಇಂಗ್ಲಿಷು. ಅಷ್ಟು ಸಾಕಾಯಿತು.

"ನಿಮ್ಮ ರೆಫರಲ್ ಒಂದೂ ತಪ್ಪುವುದಿಲ್ಲವಲ್ಲ, ಹೇಗೆ?"

"ನಮ್ಮ ಹುಡುಗರು ನನಗೆ ನಿಜ ಹೇಳುತ್ತಾರೆ."

"ನಮ್ಮವರು ಯಾಕೆ ಹೇಳುವುದಿಲ್ಲ?"

ಮನೋವ ಚಮಚ ಕೆಳಗಿಟ್ಟ. "ಕಾಲಿಗೆ ತಗಲಿತು ಎಂದು ನಿಮ್ಮವನು ಹೇಳಿದರೆ ನೀವು ಏನು ಮಾಡುತ್ತೀರಿ?"

ಪೂಣಚ್ಚ ಕುರ್ಚಿ ಸರಿಸಿ ಎದ್ದ. ಹೊರಡುವ ಮುನ್ನ ಕೇಳಿದ, "ನಾಳಿದ್ದು ಫೈನಲ್‌ನಲ್ಲಿ ನಾವೇ ನಿಮ್ಮ ಎದುರಾಳಿಗಳು. ಗುಟ್ಟು ಬಿಟ್ಟುಕೊಟ್ಟಿರಲ್ಲ?"

ಮನೋವ ನಕ್ಕ. "ಇದು ಎರಡು ದಿನದಲ್ಲಿ ಬರುವ ವಿದ್ಯೆಯಲ್ಲ, ಬಿಡಿ."

ಪೂಣಚ್ಚ ನೇರವಾಗಿ ಮೈಲಾರಿಯನ್ನು ಹುಡುಕಿಕೊಂಡು ಹೋದ. "ನನ್ನ ಹತ್ತಿರ ಯಾಕೆ ಸುಳ್ಳು ಹೇಳಿದೆ? ಬೈಯುವುದಿಲ್ಲ, ಹೇಳು."

ಮೈಲಾರಿ ನೆಲ ನೋಡಿದ. "ಹೋದ ವರ್ಷ ಖರೇ ಹೇಳಿದ್ದೆ ಅಣ್ಣಾರ. ಊರಿಗೆ ಹೋಗಿ ಗೋಲಿ ಆಡು ಅಂತ ಎಲ್ಲಾರ ಮುಂದ ಬೈದ್ರಿ. ಸುಳ್ಳು ಹೇಳಿದ್ರ ಒಮ್ಮೊಮ್ಮೆ ಟಿವಿಯೊಳಗ ಕಾಣಂಗಿಲ್ಲ, ಪಾರಾಗಬಹುದು. ನಿಮ್ಮ ಬಾಯಾಗ ಸಿಕ್ಕರ ಪಾರಾಗೂ ಮಾತೇ ಇಲ್ರಿ."

ಪೂಣಚ್ಚನಿಗೆ ಕೆನ್ನೆಗೆ ಹೊಡೆದಂತಾಯಿತು. ಬೈದದ್ದು ಅವನಿಗೆ ನೆನಪೇ ಇರಲಿಲ್ಲ. ಬೈಸಿಕೊಂಡವನು ಮರೆತಿರಲಿಲ್ಲ.

"ಇನ್ನು ಮೇಲೆ ಇದ್ದದ್ದು ಇದ್ದ ಹಾಗೆ ಹೇಳು," ಎಂದಷ್ಟೇ ಹೇಳಿ ಹೊರಟ. ಮೈಲಾರಿ ನಂಬಿದಂತೆ ಕಾಣಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹೋದ ಮಾತು ಇನ್ನೊಂದು ಮಾತಿನಿಂದ ಎಲ್ಲಿ ತಿರುಗಿ ಬರುತ್ತದೆ?

ಫೈನಲ್ ಬಂತು. ನಮ್ಮವರದು ಎರಡು ಗೋಲು, ದ್ವೀಪದವರದು ಒಂದು. ಆಗ ನಮ್ಮ ಗೋಲಿನ ಮುಂದೆ ಅಂಪೈರ್ ಸೀಟಿ ಊದಿದರು. ಮತ್ತೆ ಮೈಲಾರಿ! "ರೆಫರಲ್ ಕೇಳು, ಕೇಳು!" ಎಂದು ಉಳಿದವರೆಲ್ಲ ಕೂಗಿದರು. ಮೈಲಾರಿ ನಾಯಕನ ಮುಖ ನೋಡಿದ. ಮೆಲ್ಲಗೆ ಕೈಯೆತ್ತಿದ.

"ಹತ್ತೇತ್ರಿ ಅಣ್ಣಾರ. ಬಲಗಾಲು."

ಪೂಣಚ್ಚನ ಹೊಟ್ಟೆಯಿಂದ ಬೈಗುಳವೊಂದು ಎದ್ದು ನಾಲಿಗೆಯ ತುದಿಗೆ ಬಂತು. ಅದನ್ನು ಕಹಿಮದ್ದಿನ ಹಾಗೆ ನುಂಗಿದ. ಮೈಲಾರಿಯ ಬೆನ್ನು ತಟ್ಟಿ, "ಸರಿ, ಹೋಗಿ ನಿಂತುಕೋ," ಎಂದ. ಪೆನಾಲ್ಟಿ ಕಾರ್ನರ್‌ನಲ್ಲಿ ದ್ವೀಪದವರು ಗೋಲು ಹೊಡೆದೇಬಿಟ್ಟರು. ಎರಡು ಎರಡು, ಸರಿಸಮ. ಮೈಲಾರಿ ಬೈಗುಳಕ್ಕೆ ಕಾದ. ಬರಲಿಲ್ಲ. ಪೂಣಚ್ಚ ಇನ್ನೊಮ್ಮೆ ಅವನ ಬೆನ್ನು ತಟ್ಟಿ ಮುಂದಕ್ಕೆ ಓಡಿದ.

ಇನ್ನೇನು ಆಟ ಮುಗಿಯಬೇಕು, ಗೋಲಿನೊಳಗೆ ಹೋಗುತ್ತಿದ್ದ ಚೆಂಡಿಗೆ ಮೈಲಾರಿ ಅಡ್ಡ ಬಿದ್ದ. ಸೀಟಿ! ಕಾಲಿನಲ್ಲಿ ತಡೆದ ಎಂದು ಅಂಪೈರ್ ಪೆನಾಲ್ಟಿ ಸ್ಟ್ರೋಕ್ ಕೊಟ್ಟರು. ಗೋಲ್‌ಕೀಪರ್ ಒಬ್ಬನೇ, ಹೊಡೆಯುವವನು ಒಬ್ಬನೇ. ಅದು ಗೋಲಾದರೆ ಕಪ್ಪೂ ಹೋಯಿತು, ನಾಯಕತ್ವವೂ ಹೋಯಿತು.

ಈ ಸಲ ಮೈಲಾರಿ ತಾನೇ ಓಡಿಬಂದ. "ಹತ್ತಿಲ್ರಿ ಅಣ್ಣಾರ! ಸ್ಟಿಕ್ಕಿಗೆ ಬಡದೈತಿ."

"ಇವನನ್ನು ನಂಬಬೇಡ, ಎರಡು ಸಲ ಮುಳುಗಿಸಿದವನು," ಎಂದರು ಜೊತೆಯವರು. ಪೂಣಚ್ಚ ಅವರ ಮಾತಿಗೆ ಕಿವಿಗೊಡಲಿಲ್ಲ. ಕಷ್ಟವಾದಾಗಲೂ ನಿಜ ಹೇಳಿದ ಬಾಯಿ ಇದು ಎಂದುಕೊಂಡ. ರೆಫರಲ್ ಕೇಳಿದ.

ಕ್ರೀಡಾಂಗಣವೆಲ್ಲ ಪರದೆಯ ಕಡೆ ತಿರುಗಿತು. ನಿಧಾನವಾಗಿ ಚೆಂಡು ಬಂತು, ಬೂಟಿನ ಹತ್ತಿರ ಬಂತು, ಕೂದಲೆಳೆಯ ಅಂತರದಲ್ಲಿ ಸ್ಟಿಕ್ಕಿಗೆ ತಗಲಿ ಆಚೆ ಹಾರಿತು. ಪೆನಾಲ್ಟಿ ಸ್ಟ್ರೋಕ್ ರದ್ದಾಯಿತು. ಮೈಲಾರಿ ಅಲ್ಲೇ ಕುಳಿತು ಅತ್ತುಬಿಟ್ಟ. ಆಟ ಸರಿಸಮದಲ್ಲೇ ಮುಗಿದು, ಕೊನೆಗೆ ಒಬ್ಬೊಬ್ಬರೇ ಬಂದು ಗೋಲು ಹೊಡೆಯುವ ಶೂಟೌಟ್‌ನಲ್ಲಿ ನಮ್ಮವರು ಒಂದೇ ಗೋಲಿನಿಂದ ಗೆದ್ದರು.

ಕೈಕುಲುಕಲು ಮನೋವ ಬಂದ. "ಎರಡು ದಿನದಲ್ಲಿ ಬರುವ ವಿದ್ಯೆಯಲ್ಲ ಅಂದಿದ್ದೆ," ಎಂದ. ಆಮೇಲೆ ತಾನಾಗಿಯೇ ಕೈಯೆತ್ತಿದ. "ನನ್ನ ತಪ್ಪು."

ಪೂಣಚ್ಚ ನಕ್ಕು ಅವನ ಬೆನ್ನು ತಟ್ಟಿದ.

ನೀತಿ: ನಿಜ ಕೇಳುವ ಆಸೆಯಿದ್ದವನು ಮೊದಲು ನಿಜವನ್ನು ತಾಳಿಕೊಳ್ಳಲು ಕಲಿಯಬೇಕು. ತಪ್ಪೊಪ್ಪಿಕೊಂಡವನನ್ನು ಹಂಗಿಸಿದರೆ ಅವನು ತಿದ್ದಿಕೊಳ್ಳುವುದಿಲ್ಲ, ಸುಳ್ಳು ಹೇಳಲು ಕಲಿಯುತ್ತಾನೆ.